ಅಪ್‌ಡೇಟ್: ಸಕಲೇಶಪುರದ ಹಳೇ ಹೆಂಚಿನ ಮನೆ ಜಾಗ ಕೊನೆಗೂ ರಿಜಿಸ್ಟರ್ ಆಯ್ತು

ಹಳೇ ಮನೆ ಕೆಡವಿ ಹೊಸದು ಕಟ್ಟೋಕೆ ಜಾಗ ನೋಡಿದ್ದೆ, ಪಹಣಿಯಲ್ಲಿ ಬರೀ ಕೃಷಿ ಜಮೀನು ಅಂತಿದೆ, ಭೂಪರಿವರ್ತನೆ (ಕೃಷಿ ಜಮೀನಲ್ಲಿ ಮನೆ ಕಟ್ಟೋಕೆ ಅನುಮತಿ) ಬೇಕಾ ಅಂತ ಇಲ್ಲಿ ಹಿಂದೆ ಕೇಳಿದ್ದೆನಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಅಂದವರಿಗೆ ಥ್ಯಾಂಕ್ಸ್, ಆದ್ರೆ ಅದರಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತೆ, ಮನೆ ಯಾವ ಜಾಗದಲ್ಲಿದೆ ಅಂತ ಗೊತ್ತಾಗಲ್ಲ. ಕೆಲಸಕ್ಕೆ ಬಂದಿದ್ದು ಹದ್ದುಬಸ್ತು, ಅಂದ್ರೆ ಸರ್ವೆಯವರಿಂದ ಗಡಿ ಅಳತೆ, ಮಾಡಿಸಿ ಅಂದ ಸಲಹೆ. ಅಳತೆ ಮಾಡಿದಾಗ ಆಶ್ಚರ್ಯ, ಮನೆ ಪಹಣಿ ಜಮೀನಿನಲ್ಲಿ ಇರಲೇ ಇಲ್ಲ, ಪೂರ್ತಿ ಗ್ರಾಮಠಾಣಾ (ಊರಿನ ವಾಸದ ಜಾಗ) ಒಳಗಿತ್ತು! ಹಾಗಾಗಿ ಮನೆಗೆ ಪರಿವರ್ತನೆ ಬೇಕಾಗಲಿಲ್ಲ. ಮಾರುವವರೇ ಪಂಚಾಯಿತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಮಾಡಿಸಿಕೊಟ್ಟರು, ಅದಕ್ಕೇ ಜಾಸ್ತಿ ಕಾಯಬೇಕಾಯ್ತು. ಮನೆ ಹಿಂದುಗಡೆಯ ಕಾಫಿ ತೋಟದಲ್ಲಿ ಒಂದು ಭಾಗ ಮಾತ್ರ ತಗೊಂಡಿದ್ದರಿಂದ ಅದಕ್ಕೆ 11ಇ ನಕ್ಷೆ (ಜಮೀನಿನ ಒಂದು ಭಾಗ ಮಾರುವಾಗ ಬೇಕಾಗೋ ಸರ್ವೆ ನಕ್ಷೆ) ಕೂಡ ಬೇಕಾಯ್ತು. ಕಟ್ಟಡ ಪರವಾನಗಿಗೆ ಅರ್ಜಿ ಹಾಕಿದ್ದೀನಿ. ಮಳೆ ನಿಂತ ಮೇಲೇ ಪಾಯ, ನಮ್ಮ ಕಡೆ ಮಳೆ ಗೊತ್ತಲ್ವಾ.