ಶೆಡ್ಡಿನ ಮಕ್ಕಳ ಶಾಲೆ ಚೀಟಿ: ಯಾರು ಓದಿ ಹೇಳುತ್ತೀರಿ? (ಪುಣೆ ಹತ್ತಿರದ ವಾಕಡ್ ಕನ್ನಡಿಗರ ಗುಂಪು)

ಬಿ-304: ಸೊಸೈಟಿ ಹಿಂದಿನ ಪತ್ರಾಸ್ ಶೆಡ್ಡುಗಳಲ್ಲಿ ಯಾದಗಿರಿ, ಕಲಬುರಗಿ ಕಡೆಯವರು ಇದ್ದಾರಲ್ವಾ. ನಮ್ಮ ಮನೆಕೆಲಸದ ಅಕ್ಕ ಇವತ್ತು ಮಗಳ ಶಾಲೆಯ ಚೀಟಿ ತಂದು ತೋರಿಸಿದರು. ಫೀಸು ಕೇಳಿದ್ದಾರೆ ಅಂದುಕೊಂಡು ಎರಡು ತಿಂಗಳು ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದರಂತೆ. ನೋಡಿದರೆ ಮರಾಠಿಯಲ್ಲಿ, ಕಣ್ಣು ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ ಅಂತ ಇದೆ! ಹುಡುಗಿ ನಾಲ್ಕನೇ ಕ್ಲಾಸು. ಬೋರ್ಡು ಕಾಣದೆ ಪಕ್ಕದವಳ ವಹಿ ನೋಡಿ ಬರೆಯುತ್ತಾಳೆ. ಏನಾದರೂ ಮಾಡೋಣ.

ಎ-102: ಭಾನುವಾರ ಕ್ಲಬ್ ಹೌಸಿನಲ್ಲಿ ಕ್ಯಾಂಪ್ ಇಡೋಣ. ಬ್ಯಾನರ್ ಖರ್ಚು ನನ್ನದು.

ಸಿ-701: ಬ್ಯಾನರ್ ಬೇಡ ಸರ್. ನಾನು ಮಕ್ಕಳ ಡಾಕ್ಟರು, ಅದಕ್ಕೇ ಹೇಳುತ್ತಿದ್ದೇನೆ. ತಪಾಸಣೆ ಆಗಲೇ ಆಗಿದೆ, ಆ ಚೀಟಿ ಅದರದ್ದೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಸರ್ಕಾರದ್ದೇ ಮಕ್ಕಳ ತಪಾಸಣೆ ಯೋಜನೆ ಇದೆ, ಶುರುವಾಗಿದ್ದೇ ಈ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, 2013ರಲ್ಲಿ. ತಂಡ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರಬೇಕು. ಮುಂದಿನ ಚಿಕಿತ್ಸೆಗೂ ದುಡ್ಡಿಲ್ಲ. ನಾವು ಇನ್ನೊಂದು ಸಲ ತೂಕ ನೋಡಿ, ಬಿಸ್ಕತ್ತು ಕೊಟ್ಟು ಕಳಿಸಿದರೆ ಸುಮ್ನೆ ಇನ್ನೊಂದು ಚೀಟಿ ಅಷ್ಟೇ. ಶಾಲೆಯಿಂದ ಆಸ್ಪತ್ರೆವರೆಗೆ ಜೊತೆಗೆ ಹೋಗುವವರು ಬೇಕು.

ಡಿ-205: ಮೇಡಂ, ಅಲ್ಲಿ ಶಾಲೆಯಲ್ಲಿ ಕೊಡುವ ಗುಲಾಬಿ ಗುಳಿಗೆಯನ್ನೂ ಗಟಾರಕ್ಕೆ ಎಸೆಯುತ್ತಾರೆ. ಮಕ್ಕಳ ಮಲ ಕಪ್ಪಗಾಗುತ್ತದೆ ಅಂತ ತಾಯಂದಿರಿಗೆ ಭಯ.

ಸಿ-701: ಅದು ಕಬ್ಬಿಣದ ಗುಳಿಗೆ, ರಕ್ತ ಕಡಿಮೆ ಆಗದಿರಲಿ ಅಂತ. ಕಪ್ಪಗಾಗುವುದು ಅದರಿಂದಲೇ, ಹೆದರುವಂಥದ್ದಲ್ಲ. ವಾರಕ್ಕೊಂದು, ಶಾಲೆಯ ಊಟ ಆದಮೇಲೆ ನುಂಗಲಿ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಜಾಸ್ತಿ. ಅದರ ಮೇಲೆ ಚಹಾ ಬೇಡ, ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದನ್ನು ಕನ್ನಡದಲ್ಲಿ ಹೇಳಿದವರೇ ಇಲ್ಲ ನೋಡಿ.

ಡಿ-205: ಹೇಳುವುದು ನನಗೆ ಬಿಡಿ. ನಮ್ಮದೂ ಸುರಪುರದ ಮಾತೇ. ಆದರೆ ಕಟ್ಟಡದ ಸೈಟು ಮುಗಿದರೆ ಅವರು ಬೇರೆ ಕಡೆ ಹೋಗುತ್ತಾರೆ, ಚೀಟಿ ಕಳೆಯುತ್ತದೆ.

ಬಿ-304: ಚೀಟಿಯ ಫೋಟೋ ತೆಗೆದು ಅಪ್ಪ ಅಮ್ಮನ ಮೊಬೈಲಿಗೇ ಹಾಕಿಕೊಡೋಣ. ಈ ಗುಂಪಿಗೆ ಮಾತ್ರ ಹಾಕಬೇಡಿ, ಮಕ್ಕಳ ಹೆಸರಿದೆ. ಶಾಲೆಯ ಟೀಚರ್ ಹತ್ತಿರ ಇನ್ನೆಷ್ಟು ಚೀಟಿ ಬಾಕಿ ಅಂತ ನಾಳೆ ಕೇಳುತ್ತೇನೆ. ಮಂಗಳವಾರ ಬೆಳಿಗ್ಗೆ ಈ ಹುಡುಗಿಯನ್ನು ಪಿಂಪ್ರಿಯ ವೈಸಿಎಂ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಆದರೆ ಅಕ್ಕನಿಗೆ ಅವತ್ತು ಮೂರು ಮನೆ ಕೆಲಸ ಇದೆ. ರಜೆ ಹಾಕಿದರೆ ಪಗಾರ ಕಡಿಯುತ್ತಾರಂತೆ.

ಎ-102: ಆ ಮೂರರಲ್ಲಿ ನಮ್ಮನೆಯೂ ಒಂದು. ಕಡಿಯುವುದಿಲ್ಲ, ಹೋಗಿಬರಲಿ. ಕಾರೂ ಇದೆ, ಎಷ್ಟು ಗಂಟೆಗೆ?

ಬಿ-304: ಎಂಟಕ್ಕೆ, ಗೇಟಿನ ಹತ್ತಿರ. ಮೂರನೇ ಮನೆ ಯಾರದ್ದು?