ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ವಾಹನಗಳಿಲ್ಲದ ಸೈಕಲ್ ದಾರಿ: ಮಗಳೊಡನೆ ಎರಡು ವಾರದ ಪ್ರವಾಸಕ್ಕೆ ಯಾವುದು ಸೂಕ್ತ?

ಪ್ರಶ್ನೆ: ನಿಧಾನಯಾನ

ಎಲ್ಲರಿಗೂ ನಮಸ್ಕಾರ. ಬರುವ ಜೂನ್ ತಿಂಗಳಿನಲ್ಲಿ ನಾನು, ನನ್ನ ಪತಿ ಮತ್ತು 11 ವರ್ಷದ ಮಗಳು ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಎರಡು ವಾರ ಸೈಕಲ್ ಪ್ರವಾಸ ಮಾಡಬೇಕೆಂದಿದ್ದೇವೆ. ದಿನಕ್ಕೆ 35ರಿಂದ 45 ಕಿಲೋಮೀಟರ್, ಸಾಮಾನೆಲ್ಲ ಕ್ಯಾರಿಯರ್‌ನ ಎರಡೂ ಬದಿಯ ಚೀಲಗಳಲ್ಲಿ, ರಾತ್ರಿ ಕ್ಯಾಂಪಿಂಗ್ ಮೈದಾನದಲ್ಲಿ ಡೇರೆ ಹಾಕಿಕೊಂಡು ತಂಗುವುದು, ಇದು ಸದ್ಯದ ಲೆಕ್ಕಾಚಾರ.

ಮಗಳು ಚೆನ್ನಾಗಿಯೇ ಸೈಕಲ್ ತುಳಿಯುತ್ತಾಳೆ. ಆದರೆ ಕಳೆದ ವರ್ಷ ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದಾಗ ಲಾರಿಯೊಂದು ತೀರಾ ಹತ್ತಿರದಿಂದ ಹಾದುಹೋಗಿ, ಆ ಗಾಳಿಯ ಹೊಡೆತಕ್ಕೆ ಅವಳು ಪಕ್ಕದ ಹುಲ್ಲಿನ ಮೇಲೆ ಉರುಳಿಬಿದ್ದಳು. ಪೆಟ್ಟೇನೂ ಆಗಲಿಲ್ಲ. ಆದರೂ ಅಂದಿನಿಂದ ಬೆನ್ನ ಹಿಂದೆ ಇಂಜಿನ್ ಸದ್ದು ಕೇಳಿದರೆ ಸಾಕು, ಹ್ಯಾಂಡಲನ್ನು ಬಿಗಿಯಾಗಿ ಹಿಡಿದು, ಕಾಲು ನೆಲಕ್ಕೂರಿ ನಿಂತುಬಿಡುತ್ತಾಳೆ. ಆ ಭಯ ಬಿಡಿಸುವುದಕ್ಕೆಂದೇ ಈ ಪ್ರವಾಸ ಹೊರಟಿರುವುದರಿಂದ, ದಾರಿಯ ಬಹುಪಾಲಿನಲ್ಲಿ ಮೋಟಾರು ವಾಹನಗಳೇ ಇರಬಾರದೆಂಬುದು ನನ್ನ ಮೊದಲ ಷರತ್ತು.

ಎಲ್ಲರೂ ಹೇಳುವುದು ಲುವಾರ್ ನದಿಯ ದಾರಿಯನ್ನು. ಅದು ಪೂರ್ತಿ ವಾಹನಮುಕ್ತವೇ? ಇಲ್ಲವಾದರೆ ಬೇರೆ ಯಾವ ದಾರಿಗಳಿವೆ, ನೆಲ ಹೇಗಿರುತ್ತದೆ, ರೈಲಿನಲ್ಲಿ ಸೈಕಲ್ ಸಾಗಿಸುವುದು ಹೇಗೆ? ಅಲ್ಲಿ ಸ್ವತಃ ತುಳಿದು ಬಂದವರು ದಯವಿಟ್ಟು ತಿಳಿಸಿ. ನಮ್ಮ ಸೈಕಲ್‌ಗಳ ಟೈರು 38 ಮಿಲಿಮೀಟರ್ ಅಗಲವಿದೆ.

ಉತ್ತರ 1: ದಂಡೆದಾರಿ

ನಮಸ್ಕಾರ ಮೇಡಂ. ನಿಮ್ಮ ಷರತ್ತನ್ನು ಮುಂದಿಟ್ಟುಕೊಂಡು ನೋಡುವಾಗ ಮೊದಲು ಎರಡು ಫ್ರೆಂಚ್ ಪದಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಹೊಸಬರು ಮೋಸಹೋಗುವುದು ಇಲ್ಲಿಯೇ. 'ವ್ವಾ ವೆರ್ತ್' ಅಂದರೆ ಹಸಿರು ದಾರಿ. 2004ರಲ್ಲಿ ಅಲ್ಲಿನ ಸಂಚಾರ ನಿಯಮಾವಳಿಗೆ ಸೇರಿದ ವ್ಯಾಖ್ಯೆಯ ಪ್ರಕಾರ ಅದು ಮೋಟಾರಿಲ್ಲದ ವಾಹನಗಳಿಗೆ, ಪಾದಚಾರಿಗಳಿಗೆ ಮತ್ತು ಕುದುರೆ ಸವಾರರಿಗೆ ಮೀಸಲಾದ ದಾರಿ. ಆರಂಭದಲ್ಲಿಯೇ ನಡೆಯುವವರು, ಸೈಕಲ್ ಮತ್ತು ಕುದುರೆ ಸವಾರ ಇರುವ ನೀಲಿ ಫಲಕ ಕಾಣಿಸುತ್ತದೆ. 'ವೆಲೋರೂತ್' ಹಾಗಲ್ಲ. ಅದು ದೂರದ ಪ್ರಯಾಣಕ್ಕೆಂದು ಗುರುತು ಹಾಕಿದ ಸೈಕಲ್ ಮಾರ್ಗ. ಅದರಲ್ಲಿ ಹಸಿರು ದಾರಿಯೂ ಇರಬಹುದು, ಕಾರುಗಳು ಓಡಾಡುವ ಊರರಸ್ತೆಯೂ ಇರಬಹುದು. ಲುವಾರ್ ದಾರಿ ಈ ಎರಡನೆಯ ಬಗೆಯದು. ಸುಮಾರು 900 ಕಿಲೋಮೀಟರ್ ಉದ್ದದ, ಸೊಗಸಾದ, ಗುರುತುಗಳು ಎಲ್ಲಿಯೂ ತಪ್ಪದ ಮಾರ್ಗವದು. ಆದರೆ ಹಲವು ಕಡೆ ನದಿಯ ಏರಿಯ ಮೇಲೆ ಅಥವಾ ಹಳ್ಳಿಗಳ ನಡುವೆ ಕಾರುಗಳೊಂದಿಗೆ ರಸ್ತೆ ಹಂಚಿಕೊಳ್ಳಬೇಕಾಗುತ್ತದೆ. ಕಡಿಮೆ ವಾಹನಗಳೇ ಎಂದರೂ, ಮಗಳ ಈಗಿನ ಮನಃಸ್ಥಿತಿಗೆ ನಾನು ಅದನ್ನು ಮೊದಲ ಪ್ರವಾಸವಾಗಿ ಸೂಚಿಸಲಾರೆ.

ನನ್ನ ಸಲಹೆ ನೈಋತ್ಯದ ಗರೋನ್ ಕಾಲುವೆ. ಟೂಲೂಸ್‌ನಿಂದ ಕಾಸ್ತೆ-ಆನ್-ದೋರ್ತ್‌ವರೆಗೆ 193 ಕಿಲೋಮೀಟರ್. ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ದಂಡೆಯ ಮೇಲೆ ಈಗ ಬಹುತೇಕ ಉದ್ದಕ್ಕೂ ಟಾರು ಹಾಸಿದ ಹಸಿರು ದಾರಿಯಿದೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಹೊಲ ಅಥವಾ ಹಣ್ಣಿನ ತೋಟ, ತಲೆಯ ಮೇಲೆ ಸಾಲುಮರ. ಏರು ಎಂಬುದು ಇರುವುದು ದೋಣಿಗಳನ್ನು ಹತ್ತಿಸಿಳಿಸುವ ಲಾಕ್‌ಗೇಟುಗಳ ಬಳಿ ಮಾತ್ರ. ಅಲ್ಲಿ ನಾಲ್ಕು ತುಳಿತ ಜೋರಾಗಿ ತುಳಿದರೆ ಮತ್ತೆ ಸಪಾಟು. ಮ್ವಾಸಾಕ್‌ನಲ್ಲಿ ಸುಮಾರು 1100ರಲ್ಲಿ ಕಟ್ಟಿದ ಕಂಬಸಾಲಿನ ಮಠದ ಅಂಗಳವಿದೆ, ಅಲ್ಲೊಂದು ದಿನ ತಂಗಿರಿ. ಅಜಾನ್‌ನಲ್ಲಿ ಕಾಲುವೆಯೇ ಕಲ್ಲಿನ ಸೇತುವೆ ಏರಿ, 500 ಮೀಟರಿಗೂ ಹೆಚ್ಚು ಉದ್ದಕ್ಕೆ ಗರೋನ್ ನದಿಯನ್ನು ದಾಟುತ್ತದೆ. ಪಕ್ಕದಲ್ಲಿ ದೋಣಿ ತೇಲುತ್ತಿರುತ್ತದೆ, ಕೆಳಗೆ ನದಿ ಹರಿಯುತ್ತಿರುತ್ತದೆ, ನಡುವೆ ಸೈಕಲ್ ತಳ್ಳಿಕೊಂಡು ನಾವು. ಇದನ್ನು ಮಗಳು ಮರೆಯಲಾರಳು.

ಇದೇ ದಾರಿ ಟೂಲೂಸ್‌ನ ಆಚೆ ಮಿದಿ ಕಾಲುವೆಯಾಗಿ ಮೆಡಿಟರೇನಿಯನ್ ಸಮುದ್ರದತ್ತ ಮುಂದುವರಿಯುತ್ತದೆ. 1681ರಲ್ಲಿ ಮುಗಿದ, 1996ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಾಲುವೆಯಾದ್ದರಿಂದ ಹೆಚ್ಚಿನವರು ಅದನ್ನೇ ಬಯಸುತ್ತಾರೆ. ಟೂಲೂಸ್‌ನಿಂದ ಮೊದಲ 50 ಕಿಲೋಮೀಟರ್‌ನಷ್ಟು ಟಾರು ಚೆನ್ನಾಗಿದೆ. ನಾನು ಹೋದಾಗ ಅದರಾಚೆ ದಂಡೆಯ ಮೇಲೆ ಮರದ ಬೇರುಗಳು ಅಡ್ಡಡ್ಡಲಾಗಿ ಎದ್ದಿದ್ದವು, ಒಂದು ಬೇರಿನ ಮೇಲೆ ಹಾರಿದ ಸೈಕಲ್ ಕೆಳಗಿಳಿಯುವಷ್ಟರಲ್ಲಿ ಚೀಲದ ಕೊಕ್ಕೆ ಮುರಿದು, ಉಳಿದ ಮೂರು ದಿನ ಹಗ್ಗ ಕಟ್ಟಿಕೊಂಡೇ ತುಳಿದೆ. ಜೊತೆಗೆ ಅಲ್ಲಿನ ಹಳೆಯ ಪ್ಲೇನ್ ಮರಗಳಿಗೆ ಶಿಲೀಂಧ್ರ ರೋಗ ತಗುಲಿ 2006ರಿಂದೀಚೆಗೆ ಸಾವಿರಾರು ಮರಗಳನ್ನು ಕಡಿದಿರುವುದರಿಂದ, ಎಷ್ಟೋ ಕಡೆ ಚಿತ್ರಗಳಲ್ಲಿ ಕಾಣುವ ಆ ನೆರಳು ಇಂದಿಲ್ಲ. ಹೊಸ ಸಸಿಗಳನ್ನು ನೆಡುತ್ತಿದ್ದಾರೆ. ನೋಡಿದಾಗ ಸಂಕಟವಾಗುತ್ತದೆ.

ಉತ್ತರ 2: ಹಳಿಗುಂಟ

ದಂಡೆದಾರಿಯವರ ಮಾತು ಸರಿ, ಆದರೆ ಕಾಲುವೆಯ ದಾರಿಯಲ್ಲಿ ಮಕ್ಕಳಿಗೆ ನಾಲ್ಕನೆಯ ದಿನದ ಹೊತ್ತಿಗೆ ಬೇಸರ ಹತ್ತುವುದನ್ನು ನಾನು ಕಂಡಿದ್ದೇನೆ. ನೋಟ ಬದಲಾಗುವುದು ಬಹಳ ನಿಧಾನ. ಹಾಗಾಗಿ ರೈಲು ಹಳಿ ಕಿತ್ತ ಹಾದಿಗಳನ್ನೂ ನೋಡಿರಿ ಎನ್ನುತ್ತೇನೆ.

ಫ್ರಾನ್ಸ್‌ನಲ್ಲಿ ಇಂಥ ಹಾದಿಗಳು ಇಷ್ಟೊಂದು ಏಕಿವೆ ಎಂಬುದಕ್ಕೆ ಕಾರಣವಿದೆ. 1870ರ ದಶಕದ ಕೊನೆಯಲ್ಲಿ ಲೋಕೋಪಯೋಗಿ ಸಚಿವರಾಗಿದ್ದ ಶಾರ್ಲ್ ದ ಫ್ರೇಸಿನೆ ಅವರು ಸಣ್ಣಪುಟ್ಟ ಪೇಟೆಗಳಿಗೂ ರೈಲು ಮುಟ್ಟಬೇಕೆಂದು ದೊಡ್ಡ ಯೋಜನೆಯೊಂದನ್ನು ತಂದರು. ಹಳ್ಳಿಗಾಡಿನ ಉದ್ದಗಲಕ್ಕೂ ಹಳಿ ಬಂತು. ಬಸ್ಸು, ಲಾರಿಗಳು ಬಂದ ಮೇಲೆ ಆ ಶಾಖಾ ಮಾರ್ಗಗಳು ಒಂದೊಂದಾಗಿ ಮುಚ್ಚಿದವು. ಉಳಿದದ್ದು ಉಗಿಬಂಡಿ ಏರಬಲ್ಲ ಇಳಿಜಾರಿನ ನೆಲ. ಅಲ್ಲಿ ಏರು ಶೇಕಡಾ 3ನ್ನು ದಾಟುವುದೇ ಅಪರೂಪ. ಗುಡ್ಡ ಅಡ್ಡಬಂದರೆ ಸುರಂಗವಿದೆ, ಕಣಿವೆ ಬಂದರೆ ಕಮಾನು ಸೇತುವೆಯಿದೆ. ಗುಡ್ಡಗಾಡನ್ನು ಚೀಲ ಹೊತ್ತ ಸೈಕಲ್‌ನಲ್ಲಿ, ಅದೂ ಮಗುವಿನೊಡನೆ, ಉಸಿರು ಕಟ್ಟದೆ ದಾಟುವುದಕ್ಕೆ ಇದಕ್ಕಿಂತ ಒಳ್ಳೆಯ ನೆಲ ನನಗೆ ಗೊತ್ತಿಲ್ಲ.

ದೇಶದ ಮೊತ್ತಮೊದಲ ಹಸಿರು ದಾರಿಯೇ ಇಂಥದು. ಬರ್ಗಂಡಿಯ ದಕ್ಷಿಣದಲ್ಲಿ ಜಿವ್ರಿಯಿಂದ ಕ್ಲೂನಿಯವರೆಗೆ 44 ಕಿಲೋಮೀಟರ್, 1997ರಲ್ಲಿ ತೆರೆದದ್ದು. ನುಣ್ಣಗೆ ಟಾರು ಹಾಸಿದೆ. ದ್ರಾಕ್ಷಿ ತೋಟಗಳ ನಡುವೆ ಹೊರಟು, ಬಿಳಿ ಹಸುಗಳು ಮೇಯುವ ಬಯಲುಗಳನ್ನು ಹಾದು, ಹಳೆಯ ನಿಲ್ದಾಣಗಳನ್ನು ಒಂದೊಂದಾಗಿ ಹಿಂದಿಕ್ಕುತ್ತಾ ಹೋಗುತ್ತೀರಿ. ರೈಲ್ವೆ ಗೇಟು ಕಾಯುವವರಿದ್ದ ಪುಟ್ಟ ಮನೆಗಳು ಇಂದಿಗೂ ದಾರಿಯ ಅಂಚಿನಲ್ಲಿವೆ. ಒಂದರ ಮುಂದೆ ನೀರು ಕುಡಿಯಲು ನಿಂತಾಗ ನೋಡಿದೆ: ಕಿಟಕಿಯಲ್ಲಿ ಕೆಂಪು ಹೂವಿನ ಕುಂಡ, ಬಾಗಿಲ ಪಕ್ಕದಲ್ಲಿ ಗೇಟು ಏರಿಸುತ್ತಿದ್ದ ತುಕ್ಕು ಹಿಡಿದ ತಿರುಗಣೆ. ಕ್ಲೂನಿಯಲ್ಲಿ 910ರಲ್ಲಿ ಸ್ಥಾಪನೆಯಾದ ಮಹಾಮಠದ ಅವಶೇಷವಿದೆ. ಅಲ್ಲಿಂದ ಮಾಕೋನ್ ಕಡೆಗೆ ಮುಂದುವರಿದರೆ ಬ್ವಾ ಕ್ಲೇರ್ ಸುರಂಗ ಬರುತ್ತದೆ, 1.6 ಕಿಲೋಮೀಟರ್ ಉದ್ದ. ಒಳಗೆ ದೀಪಗಳಿವೆ, ಆದರೆ ಹೊರಗೆ ಎಷ್ಟೇ ಬಿಸಿಲಿರಲಿ ಒಳಗೆ ಮೈ ನಡುಗುವಷ್ಟು ತಂಪು, ಜಾಕೆಟ್ ಕೈಗೆ ಸಿಗುವಂತಿರಲಿ. ಚಳಿಗಾಲದಲ್ಲಿ ಬಾವಲಿಗಳು ಅಲ್ಲಿ ದೀರ್ಘನಿದ್ರೆಯಲ್ಲಿರುತ್ತವೆಂದು ಸುರಂಗ ಮುಚ್ಚುತ್ತಾರೆ. ಜೂನ್‌ನಲ್ಲಿ ನಿಮಗೆ ಆ ತೊಂದರೆಯಿಲ್ಲ.

ಒಂದು ಎಚ್ಚರಿಕೆ. ಹಸಿರು ದಾರಿ ಡಾಂಬರು ರಸ್ತೆಯನ್ನು ಅಡ್ಡ ದಾಟುವ ಕಡೆಯಲ್ಲೆಲ್ಲ ಮೋಟಾರು ವಾಹನ ನುಗ್ಗದಂತೆ ಅಡ್ಡಗಂಬಗಳನ್ನು ನೆಟ್ಟಿರುತ್ತಾರೆ. ಎರಡೂ ಬದಿ ಚೀಲ ತುಂಬಿದ ಸೈಕಲ್ ಅವುಗಳ ನಡುವೆ ಸಿಕ್ಕಿಕೊಳ್ಳುವುದುಂಟು. ಮಗಳ ಚೀಲ ಚಿಕ್ಕದಿರಲಿ. ದಾಟುವಾಗ ಮೊದಲ ಹಕ್ಕು ಸಾಮಾನ್ಯವಾಗಿ ರಸ್ತೆಯವರದು. ಹಾಗಾಗಿ ಇಳಿದು, ನೋಡಿ, ದಾಟುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಸಿ.

ಉತ್ತರ 3: ಬಿಳಿರಸ್ತೆ

ಇಬ್ಬರೂ ಹೇಳಿದ ದಾರಿಗಳಲ್ಲಿ ನಾನೂ ಹೋಗಿದ್ದೇನೆ. ನನ್ನ ಮಾತು ಸ್ವಲ್ಪ ಬೇರೆ. ನೂರಕ್ಕೆ ನೂರು ವಾಹನಮುಕ್ತ ದಾರಿಯೇ ಬೇಕೆಂದು ಹಟ ಹಿಡಿದರೆ ಹಸಿರು ದಾರಿ ಮುಗಿದಲ್ಲೇ ಪ್ರವಾಸವೂ ಮುಗಿಯುತ್ತದೆ. ಬರ್ಗಂಡಿಯ ಹಾದಿ ಚೆನ್ನಾಗಿದ್ದರೂ ಅದೊಂದೇ ಎರಡು ವಾರಕ್ಕೆ ಸಾಲದು. ಒಂದು ಹಸಿರು ದಾರಿಯಿಂದ ಇನ್ನೊಂದಕ್ಕೆ ಹೋಗಲು ಹತ್ತೋ ಹದಿನೈದೋ ಕಿಲೋಮೀಟರ್ ರಸ್ತೆ ತುಳಿಯಲೇಬೇಕು. ಆ ಕೊಂಡಿಗಳಿಗೆ ಮಿಶೆಲಿನ್ ನಕ್ಷೆಯಲ್ಲಿ ಬಿಳಿ ಬಣ್ಣದಲ್ಲಿರುವ ರಸ್ತೆಗಳನ್ನು ಹುಡುಕಿ. ಕೆಂಪು ಎಂದರೆ ಮುಖ್ಯ ರಸ್ತೆ, ಅಲ್ಲಿಗೆ ಹೋಗಲೇಬೇಡಿ. ಹಳದಿಯನ್ನು ಸಾಧ್ಯವಾದಷ್ಟು ಬಿಡಿ. ಬಿಳಿಯವು ತೋಟದ ಮನೆಗಳನ್ನೂ ಚಿಕ್ಕ ಹಳ್ಳಿಗಳನ್ನೂ ಕೂಡಿಸುವ ಕಿರುದಾರಿಗಳು. ಬೆಳಗಿನ ಹೊತ್ತಿನಲ್ಲಿ ಅಂಥ ರಸ್ತೆಯಲ್ಲಿ ಒಂದು ಗಂಟೆ ತುಳಿದು ಒಂದು ಟ್ರ್ಯಾಕ್ಟರನ್ನು ಮಾತ್ರ ಕಂಡ ದಿನಗಳಿವೆ. ಊರಾಚೆ ಸೈಕಲ್ ದಾಟುವ ವಾಹನ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ನಿಯಮ ಅಲ್ಲಿದೆ, ನಾನು ಕಂಡಂತೆ ಹಳ್ಳಿಗಾಡಿನಲ್ಲಿ ಅದನ್ನು ಪಾಲಿಸುತ್ತಾರೆ. ಮಗಳ ಭಯ ಕಳೆಯಬೇಕಾದರೆ ಕೊನೆಗೆ ಇಂಥ ರಸ್ತೆಯೇ ಬೇಕು. ಆದರೆ ಅದು ಎರಡನೆಯ ವಾರಕ್ಕಿರಲಿ.

ಬಿಸಿಲಿಗೆ ಹೆದರುವವರಾದರೆ ಫ್ರಾನ್ಸ್‌ನ ವಾಯವ್ಯದ ಬ್ರಿಟನಿ ಪ್ರಾಂತದ ನಾಂತ್–ಬ್ರೆಸ್ಟ್ ಕಾಲುವೆಯನ್ನೂ ಗಮನಿಸಬಹುದು. ಸುಮಾರು 360 ಕಿಲೋಮೀಟರ್. ಅಲ್ಲಿ ಟಾರಿಗಿಂತ ಒತ್ತಿ ಗಟ್ಟಿಮಾಡಿದ ಮರಳು ಮಣ್ಣಿನ ನೆಲವೇ ಹೆಚ್ಚು. ನಿಮ್ಮ 38ರ ಟೈರಿಗೆ ಅಡ್ಡಿಯಿಲ್ಲ. ಮಳೆ ಬಂದರೆ ಮಾತ್ರ ಚೈನಿಗೆ ಮರಳು ಮೆತ್ತಿಕೊಂಡು ಕಿರಗುಟ್ಟುತ್ತದೆ, ಪ್ರತಿ ಸಂಜೆ ಒರೆಸಿ ಎಣ್ಣೆ ಬಿಡಬೇಕು. ಗೆರ್ಲೆದಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಕಾಲುವೆಯ ಒಂದು ಭಾಗವೇ ಮುಳುಗಿರುವುದರಿಂದ ಅಲ್ಲಿ ದಂಡೆ ಬಿಟ್ಟು ಸುತ್ತಿಕೊಂಡು ಹೋಗಬೇಕು.

ರೈಲಿನ ವಿಷಯ. ಪ್ರಾದೇಶಿಕ ರೈಲುಗಳಲ್ಲಿ, ಅಂದರೆ ಟಿಇಆರ್‌ಗಳಲ್ಲಿ, ಸೈಕಲನ್ನು ಬಿಚ್ಚದೆ ಹಾಗೆಯೇ ಏರಿಸಬಹುದು, ಸಾಮಾನ್ಯವಾಗಿ ಹಣವಿಲ್ಲ. ಆದರೆ ಕೆಲವು ಪ್ರಾಂತಗಳಲ್ಲಿ ಬೇಸಿಗೆಯಲ್ಲಿ ಸ್ಥಳ ಕಾಯ್ದಿರಿಸಬೇಕಾಗುತ್ತದೆ. ಟಿಜಿವಿ ಎಂಬ ಅತಿವೇಗದ ರೈಲುಗಳಲ್ಲಿ ಸೈಕಲ್ ಜಾಗ ಬಲು ಕಡಿಮೆ. ಇಲ್ಲವಾದರೆ ಚಕ್ರ ಕಳಚಿ 130×90 ಸೆಂಟಿಮೀಟರ್ ಮೀರದ ಚೀಲದಲ್ಲಿಟ್ಟುಕೊಳ್ಳಬೇಕು. ಮೂರು ಸೈಕಲ್ ಎಂದರೆ ಬೆಳಗಿನ ಮೊದಲ ರೈಲನ್ನೇ ಹಿಡಿಯಿರಿ.

ಇನ್ನೆರಡು ಮಾತು. 12 ವರ್ಷ ತುಂಬದ ಮಕ್ಕಳಿಗೆ 2017ರಿಂದ ಹೆಲ್ಮೆಟ್ ಕಡ್ಡಾಯ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಬಹಳ ಹೊತ್ತು ಮುಚ್ಚಿರುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಮತ್ತು ಎಷ್ಟೋ ಕಡೆ ಸೋಮವಾರವೂ ಬಾಗಿಲು ತೆರೆಯುವುದಿಲ್ಲ. ಶನಿವಾರವೇ ಎರಡು ದಿನದ ಬ್ರೆಡ್ಡು, ಚೀಸ್, ಹಣ್ಣು ಚೀಲದಲ್ಲಿರಲಿ. ನೀರು ತೀರಿದರೆ ಹಳ್ಳಿಯ ಸ್ಮಶಾನದ ಗೇಟಿನೊಳಗೆ ನಲ್ಲಿ ಇರುತ್ತದೆ. 'ಓ ನೋನ್ ಪೊತಾಬ್ಲ್' ಎಂದು ಬರೆದಿದ್ದರೆ ಕುಡಿಯಬೇಡಿ.

ಮರುಪ್ರಶ್ನೆ: ನಿಧಾನಯಾನ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಕ್ಷೆ ಹರಡಿಕೊಂಡು ಮೂವರೂ ಕುಳಿತು ನೋಡಿದೆವು. ಮಗಳಿಗೆ ನೀರಿನ ಸೇತುವೆಯೇ ಬೇಕಂತೆ, ಆದ್ದರಿಂದ ಗರೋನ್ ಕಾಲುವೆ ಎಂದು ತೀರ್ಮಾನಿಸಿದ್ದೇವೆ. ಟೂಲೂಸ್‌ನಿಂದ ಹೊರಟು ಬೋರ್ಡೊ ನಗರದವರೆಗೆ ತಲುಪಬೇಕೆಂದಿದ್ದರೆ, ಕಾಲುವೆ ಬಿಟ್ಟ ಮೇಲೆ ದಾರಿ ಹೇಗೆ?

ಉತ್ತರ: ದಂಡೆದಾರಿ

ಬಹಳ ಸಂತೋಷ. ಕಾಲುವೆಯ ಕೊನೆಯ ಭಾಗದಲ್ಲಿ ಲಾ ರೆಯೋಲ್ ಬಳಿ ದಂಡೆ ಬಿಟ್ಟು, ದ್ರಾಕ್ಷಿ ತೋಟಗಳ ದಿಣ್ಣೆಗಳ ನಡುವಿನ ಚಿಕ್ಕ ರಸ್ತೆಗಳಲ್ಲಿ ಸೋವ್‌ತೇರ್-ದ-ಗ್ವಿಯೆನ್ ಎಂಬ ಊರು ಸೇರಬೇಕು. ಬಿಳಿರಸ್ತೆಯವರು ಹೇಳಿದ ಕೊಂಡಿ ನಿಮ್ಮ ಪ್ರವಾಸದಲ್ಲಿ ಇದೊಂದೇ, ಅದೂ ಪಯಣದ ಕೊನೆಯ ಹಂತದಲ್ಲಿ ಬರುತ್ತದೆ. ಬೆಳಗ್ಗೆ ಬೇಗ ಹೊರಡಿ, ಮಗಳನ್ನು ಇಬ್ಬರ ನಡುವೆ ಇರಿಸಿಕೊಳ್ಳಿ. ಏರುಗಳಿವೆ, ತಳ್ಳಿಕೊಂಡು ಹೋದರೂ ನಡೆಯುತ್ತದೆ. ಸೋವ್‌ತೇರ್‌ನಿಂದ ಬೋರ್ಡೊವರೆಗೆ 50 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ ಮತ್ತೆ ಹಸಿರು ದಾರಿ. ಹಳಿಗುಂಟ ಅವರಿಗೆ ಮೆಚ್ಚಾಗುವಂಥ ಹಳೆಯ ರೈಲು ಹಾದಿ. 1937ರ ಟೂರ್ ದ ಫ್ರಾನ್ಸ್ ಗೆದ್ದ ರೋಜೆ ಲಪೆಬಿ ಅವರ ಹೆಸರಿಟ್ಟಿದ್ದಾರೆ. ಎಲ್ಲಿಯಾದರೂ ಯಾರಿಗಾದರೂ ದಣಿವಾದರೆ ಚಿಂತೆ ಬೇಡ: ಟೂಲೂಸ್–ಬೋರ್ಡೊ ರೈಲು ಮಾರ್ಗ ಕಾಲುವೆಯ ಜೊತೆಜೊತೆಯಾಗಿಯೇ ಸಾಗುತ್ತದೆ, ಮ್ವಾಸಾಕ್, ಅಜಾನ್, ಲಾ ರೆಯೋಲ್ ಮೂರರಲ್ಲಿಯೂ ನಿಲ್ದಾಣವಿದೆ.