ಬೇಸ್ ಗಿಟಾರ್ ನುಡಿಸುವವರ ಕೈನೋವು: ನಿಮ್ಮ ಪ್ರಶ್ನೆ, ಫಿಸಿಯೊಥೆರಪಿಸ್ಟ್ ಉತ್ತರ

ಮೈಸೂರಿನ ಸದಸ್ಯ: ನಮಸ್ಕಾರ ಮೇಡಂ. ಆರು ತಿಂಗಳಿಂದ ಬೇಸ್ ಕಲಿಯುತ್ತಿದ್ದೇನೆ. ಮೊದಲ ನಾಲ್ಕು ಫ್ರೆಟ್‌ಗಳಲ್ಲಿ (ನೆಕ್, ಅಂದರೆ ವಾದ್ಯದ ಉದ್ದನೆಯ ಹಿಡಿಯ ಮೇಲಿನ ಅಡ್ಡ ಲೋಹಪಟ್ಟಿಗಳು) ಬೆರಳಿಗೊಂದು ಫ್ರೆಟ್ ಎಂದು ಮೇಷ್ಟ್ರು ಕಲಿಸಿದ್ದಾರೆ. ಹತ್ತು ನಿಮಿಷ ನುಡಿಸುವಷ್ಟರಲ್ಲಿ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ. ನನ್ನ ಕೈ ಚಿಕ್ಕದಾಯಿತೇ?

ಉತ್ತರ: ಕೈಯನ್ನು ದೂರಬೇಡಿ. 34 ಇಂಚು ಸ್ಕೇಲಿನ (ತಂತಿಯ ಮಿಡಿಯುವ ಭಾಗದ ಉದ್ದ) ಬೇಸ್‌ನಲ್ಲಿ ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ನಾಲ್ಕನೇ ಫ್ರೆಟ್‌ಗೆ ಸುಮಾರು 18 ಸೆಂ.ಮೀ. ದೂರ. ಸಾಮಾನ್ಯ ಗಿಟಾರಿನಲ್ಲಿ ಅದು 13 ಸೆಂ.ಮೀ. ಆಸುಪಾಸು. ಡಬಲ್ ಬೇಸ್ (ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸುವವರು ಕೆಳಗಿನ ಸ್ವರಗಳಿಗೆ ತೋರುಬೆರಳು, ನಡುಬೆರಳು, ಕಿರುಬೆರಳು ಮಾತ್ರ ಬಳಸುತ್ತಾರೆ. ಉಂಗುರ ಬೆರಳು ಕಿರುಬೆರಳಿಗೆ ಆಸರೆಯಾಗಿರುತ್ತದೆ. ನೀವೂ ಹಾಗೆಯೇ ಮೂರು ಫ್ರೆಟ್ ಹಿಡಿಯಿರಿ, ನಾಲ್ಕನೆಯದು ಬೇಕಾದಾಗ ಇಡೀ ಕೈಯನ್ನು ಸರಿಸಿ. ಐದನೇ ಫ್ರೆಟ್ ದಾಟಿದ ಮೇಲೆ ಬೆರಳಿಗೊಂದು ಫ್ರೆಟ್ ಸುಲಭವಾಗುತ್ತದೆ. ತಂತಿಯನ್ನು ಫ್ರೆಟ್‌ಗೆ ತಾಗಿದಂತೆ, ಅದರ ಹಿಂದೆಯೇ ಒತ್ತಿದರೆ ಕಡಿಮೆ ಬಲ ಸಾಕು. ಒಮ್ಮೆ ಹೆಬ್ಬೆರಳನ್ನು ನೆಕ್‌ನಿಂದ ಪೂರ್ತಿ ಬಿಡಿಸಿ, ತೋಳಿನ ಭಾರದಿಂದಲೇ ಒತ್ತಿ ನುಡಿಸಿ ನೋಡಿ. ಸ್ವರ ಬಂದರೆ, ಇಷ್ಟು ದಿನ ಹೆಬ್ಬೆರಳಿನಿಂದ ಎಷ್ಟು ವ್ಯರ್ಥವಾಗಿ ಹಿಸುಕುತ್ತಿದ್ದಿರಿ ಎಂಬುದು ತಿಳಿಯುತ್ತದೆ.

ಹುಬ್ಬಳ್ಳಿಯ ಸದಸ್ಯ: ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ಗಣೇಶ ಹಬ್ಬದ ಸಮಯದಲ್ಲಿ ನಾಲ್ಕು ನಾಲ್ಕು ಗಂಟೆ ನಿಂತೇ ಇರಬೇಕು. ಎಡ ಹೆಗಲು ಉರಿಯುತ್ತದೆ.

ಉತ್ತರ: ಬೇಸ್ ಎಂದರೆ ನಾಲ್ಕು ಕಿಲೋ ಆಸುಪಾಸಿನ ಭಾರ. ಮೂರು ಇಂಚಿಗೆ ಕಡಿಮೆಯಿಲ್ಲದ ಅಗಲದ ಸ್ಟ್ರಾಪ್ ಹಾಕಿ. ನಿರೂಪಕರು ಮಾತನಾಡುವಾಗ ವಾದ್ಯವನ್ನು ಸ್ಟ್ಯಾಂಡ್ ಮೇಲಿಡಿ.

ಹಾಸನದ ಸದಸ್ಯ: ನನಗೆ ಬಂದ ಫಾರ್ವರ್ಡ್ ಹಾಕುತ್ತಿದ್ದೇನೆ, ಎಲ್ಲರಿಗೂ ಉಪಯೋಗವಾಗಲಿ. ಬಿಸಿ ಎಳ್ಳೆಣ್ಣೆಗೆ ಕರ್ಪೂರ ಬೆರೆಸಿ ತಿಕ್ಕಿ, ಮಣಿಕಟ್ಟಿಗೆ ಬಟ್ಟೆ ಬಿಗಿದು ಮಲಗಿದರೆ ನರಗಳ ಬ್ಲಾಕ್ ಏಳು ದಿನಗಳಲ್ಲಿ ಬಿಡುತ್ತದೆ.

ಉತ್ತರ: ಎಣ್ಣೆ ತಿಕ್ಕಿದರೆ ಹಿತವಾಗಬಹುದು, ಅಷ್ಟೇ. ರಾತ್ರಿಯಿಡೀ ಬಟ್ಟೆ ಬಿಗಿಯಬೇಡಿ. ಮೊದಲೇ ಒತ್ತಡದಲ್ಲಿರುವ ನರವನ್ನು ಇನ್ನಷ್ಟು ಒತ್ತಿದಂತಾಗುತ್ತದೆ.

ತುಮಕೂರಿನ ಸದಸ್ಯೆ: ನನ್ನ ಕೈ ತುಂಬಾ ಚಿಕ್ಕದು. ಬೇಸ್ ಬಿಟ್ಟುಬಿಡಲೇ?

ಉತ್ತರ: ಬೇಡ. ಮೊದಲ ಉತ್ತರ ಓದಿ. 30 ಇಂಚು ಸ್ಕೇಲಿನ ಬೇಸ್ ಕೂಡ ಸಿಗುತ್ತದೆ.

ಮಂಗಳೂರಿನ ಸದಸ್ಯ: ಮೇಡಂ, ಎರಡು ತಿಂಗಳಿಂದ ಎಡಗೈಯ ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿದಿದೆ. ನೋವಿಲ್ಲ. ತಂತಿ ಒತ್ತಿದರೆ ಕಿರುಬೆರಳು ನಿಲ್ಲುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಬಲಗೈಗಿಂತ ತಗ್ಗಾಗಿದೆ ಎಂದು ಹೆಂಡತಿ ತೋರಿಸಿದಳು. ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ತೊಂದರೆ) ಇರಬೇಕೆಂದು ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡು ನುಡಿಸುತ್ತಿದ್ದೇನೆ. ಯಾವ ವ್ಯಾಯಾಮ ಮಾಡಲಿ?

ಉತ್ತರ: ನಿಮಗೆ ನಾನು ವ್ಯಾಯಾಮ ಹೇಳುವುದಿಲ್ಲ. ಈ ವಾರವೇ ನರತಜ್ಞರನ್ನು ನೋಡಿ.

ಇದು ಕಾರ್ಪಲ್ ಟನಲ್‌ನಂತೆ ಕಾಣುವುದಿಲ್ಲ. ಅದರಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ, ಕಿರುಬೆರಳು ಉಳಿದುಕೊಳ್ಳುತ್ತದೆ. ನೀವು ಹೇಳುತ್ತಿರುವುದು ಅಲ್ನಾರ್ ನರದ ದಾರಿ. ಮೊಣಕೈ ಗೋಡೆಗೆ ತಾಗಿದಾಗ ಜುಮ್ಮೆನ್ನುತ್ತದಲ್ಲ, ಅದೇ ನರ. ಮೊಣಕೈ ಹೆಚ್ಚು ಮಡಚಿದಷ್ಟೂ ಅದು ಎಳೆದುಕೊಳ್ಳುತ್ತದೆ. ಬೇಸ್ ಅನ್ನು ಎದೆಯೆತ್ತರಕ್ಕೆ ಕಟ್ಟಿ ತೋಳನ್ನು ಮೈಗೆ ಒತ್ತಿ ನುಡಿಸುತ್ತೀರಾ? ಫೋನನ್ನು ಗಂಟೆಗಟ್ಟಲೆ ಕಿವಿಗೆ ಹಿಡಿಯುತ್ತೀರಾ? ಕೈಯನ್ನು ತಲೆಯಡಿ ಮಡಚಿ ಮಲಗುತ್ತೀರಾ? ಮಣಿಕಟ್ಟಿನ ಪಟ್ಟಿ ಇದಕ್ಕೆಲ್ಲ ಏನೂ ಮಾಡದು.

ನನಗೆ ಚಿಂತೆಯಾಗಿರುವುದು ಜೋಮಿನಿಂದಲ್ಲ, ಮಾಂಸ ತಗ್ಗಾಗಿರುವುದರಿಂದ. ಸ್ನಾಯು ಸೊರಗಿದೆ ಎಂದರೆ ನರ ಬಹಳ ದಿನಗಳಿಂದ ಸೋಲುತ್ತಿದೆ ಎಂದರ್ಥ. ಒಂದು ಕಾಗದವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ ಹಿಡಿಯಿರಿ, ನಿಮ್ಮವರು ಎಳೆಯಲಿ. ಹೆಬ್ಬೆರಳಿನ ತುದಿಯ ಗೆಣ್ಣು ಮಡಚಿಕೊಂಡರೆ ಅದನ್ನು ವೈದ್ಯರಿಗೆ ಹೇಳಿ. ನರದ ವಹನ ಪರೀಕ್ಷೆ (ನರ ಸಂಕೇತವನ್ನು ಸರಿಯಾಗಿ ಒಯ್ಯುತ್ತಿದೆಯೇ ಎಂದು ನೋಡುವುದು), ಸಕ್ಕರೆ ಪರೀಕ್ಷೆ ಎರಡನ್ನೂ ಕೇಳಿ.

ಇನ್ನೊಂದು ಮಾತು. ಮೈಮೇಲೆ ಎಲ್ಲಾದರೂ ಬಿಳಿಚಿದ ಅಥವಾ ಕೆಂಪಗಿನ, ಸ್ಪರ್ಶ ತಿಳಿಯದ ಮಚ್ಚೆ ಇದೆಯೇ? ಮೊಣಕೈ ಒಳಬದಿಯ ಎಲುಬಿನ ಹಿಂದೆ ನರ ಹಗ್ಗದಂತೆ ದಪ್ಪಗೆ ಕೈಗೆ ಸಿಗುತ್ತದೆಯೇ? ನಮ್ಮ ದೇಶದಲ್ಲಿ ಅಲ್ನಾರ್ ನರ ಸೋತಾಗ ಕುಷ್ಠವನ್ನೂ ನೆನೆಯಲೇಬೇಕು. ಅದೇ ಎಂದು ನಾನು ಹೇಳುತ್ತಿಲ್ಲ. ಅದೇ ಆಗಿದ್ದರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಉಚಿತ, 6 ಅಥವಾ 12 ತಿಂಗಳಲ್ಲಿ ಮುಗಿಯುತ್ತದೆ.

ಬೆಂಗಳೂರಿನ ಸದಸ್ಯ: ಇದು ಅತಿಯಾಯಿತು ಮೇಡಂ. ಗಿಟಾರ್ ಹಿಡಿಯುವ ರೀತಿ ಕೇಳಿದವರಿಗೆ ಎಲ್ಲರೆದುರು ಕುಷ್ಠ ಎನ್ನಬಹುದೇ? ಅವರ ಮನೆಯವರೂ ಓದುತ್ತಾರೆ.

ಕಲಬುರಗಿಯ ಸದಸ್ಯ: ಓದಲಿ. ನಮ್ಮ ಅಜ್ಜನಿಗೂ ಕಿರುಬೆರಳಿನಿಂದಲೇ ಶುರುವಾಗಿತ್ತು. ಮನೆಯವರು ಹೆಸರಿಗೆ ಹೆದರಿ ಮುಚ್ಚಿಟ್ಟರು. ಬೆರಳುಗಳು ಮಡಚಿದ್ದು ಕೊನೆಯವರೆಗೂ ಬಿಚ್ಚಲಿಲ್ಲ.

ಬೆಂಗಳೂರಿನ ಸದಸ್ಯ: ನಿಮ್ಮ ಅಜ್ಜನ ಕಾಲ ಬೇರೆ. ಖಾಸಗಿಯಾಗಿ ತಿಳಿಸಬಹುದಿತ್ತು ಎಂದೆ.

ಕಲಬುರಗಿಯ ಸದಸ್ಯ: ಕಾಲ ಬೇರೆಯಾಗಿದ್ದರೆ ನಿಮಗೇಕೆ ನಾಚಿಕೆ? ಇದೇ ಲಕ್ಷಣ ಇಟ್ಟುಕೊಂಡು ಸುಮ್ಮನಿರುವ ಇನ್ನೊಬ್ಬರು ಓದಿದರೆ ಒಳ್ಳೆಯದೇ ಅಲ್ಲವೇ?

ಧಾರವಾಡದ ಸದಸ್ಯ: ಬಲಗೈ ಹೆಬ್ಬೆರಳನ್ನು ಪಿಕಪ್ (ತಂತಿಗಳ ಕೆಳಗಿರುವ, ನಾದ ಹಿಡಿಯುವ ಭಾಗ) ಮೇಲೆ ಊರಬೇಕೋ, ತಂತಿಗಳ ಮೇಲೆ ಸರಿಸುತ್ತಿರಬೇಕೋ?

ಬೆಂಗಳೂರಿನ ಸದಸ್ಯ: ನನಗೆ ನಾಚಿಕೆಯ ಪಾಠ ಬೇಡ. ಹತ್ತು ವರ್ಷದಿಂದ ಎದೆಯೆತ್ತರಕ್ಕೆ ಕಟ್ಟಿ ನುಡಿಸುತ್ತಿದ್ದೇನೆ, ನನಗೇನೂ ಆಗಿಲ್ಲ.

ಉತ್ತರ: ನಿಮಗೆ ಆಗಿಲ್ಲದಿರುವುದು ಅವರಿಗೆ ಪುರಾವೆಯಲ್ಲ. ಗೋಪ್ಯವಾಗಿ ಹೇಳಬೇಕಿತ್ತು ಎಂಬ ನಿಮ್ಮ ಮಾತಿನಲ್ಲಿ ನ್ಯಾಯವಿದೆ, ಒಪ್ಪುತ್ತೇನೆ. ಆದರೆ ಬರೆದದ್ದನ್ನು ಅಳಿಸುವುದಿಲ್ಲ.

ಹಾಸನದ ಸದಸ್ಯ: ಮಂಗಳೂರಿನವರೇ, ಎಣ್ಣೆಯನ್ನು ಏಳು ದಿನ ಹಚ್ಚಿ ನೋಡಿ, ಆಮೇಲೆ ಡಾಕ್ಟರು.

ಉತ್ತರ: ಇನ್ನು ಏಳು ದಿನ ಕಾಯಿರಿ ಎಂದು ಅವರಿಗೆ ಹೇಳುವ ಹಕ್ಕು ನಿಮಗಿಲ್ಲ. ದಯವಿಟ್ಟು ಇದನ್ನು ಇಲ್ಲಿಗೆ ನಿಲ್ಲಿಸಿ.

ರಾಯಚೂರಿನ ಸದಸ್ಯ: ಚಿಕ್ಕ ಕೈಯವರಿಗೆ ಏನು ಸಲಹೆ?

ಉತ್ತರ: ಮೇಲೆ ಇದೆ.

ಮಂಗಳೂರಿನ ಸದಸ್ಯ: ಕಾಗದ ಹಿಡಿದು ನೋಡಿದೆ ಮೇಡಂ. ಗೆಣ್ಣು ಮಡಚಿಕೊಂಡಿತು. ಮಚ್ಚೆ ಯಾವುದೂ ಕಾಣಲಿಲ್ಲ, ಬೆನ್ನನ್ನು ಹೆಂಡತಿ ನೋಡಿದಳು. ಬುಧವಾರಕ್ಕೆ ನರತಜ್ಞರು ಸಮಯ ಕೊಟ್ಟಿದ್ದಾರೆ. ಭಾನುವಾರ ಚರ್ಚಿನಲ್ಲಿ ನುಡಿಸುವುದಿದೆ, ನುಡಿಸಲೇ?

ಉತ್ತರ: ಬೇರೆಯವರು ನುಡಿಸಲಿ. ಅಲ್ಲಿಯವರೆಗೆ ರಾತ್ರಿ ಮೊಣಕೈಗೆ ಟವೆಲನ್ನು ಸಡಿಲವಾಗಿ ಸುತ್ತಿಕೊಂಡು ಮಲಗಿ, ಕೈ ಮಡಚದಂತಿರಲಿ. ಬುಧವಾರ ವೈದ್ಯರು ಏನು ಹೇಳಿದರೆಂದು ನನಗೆ ಪ್ರತ್ಯೇಕವಾಗಿ ಬರೆಯಿರಿ.

ಧಾರವಾಡದ ಸದಸ್ಯ: ಬಲಗೈ ಹೆಬ್ಬೆರಳಿನ ಪ್ರಶ್ನೆ ಹಾಗೆಯೇ ಉಳಿಯಿತು.